ಮಹಾನಂದಾಳ ಅಂಜಿಕೆ ಹೋದ ದಿನ

ಎಲ್ಲಕ್ಕೂ ಕಾರಣ ನೋಟೀಸಿನ ಕೊನೆಯ ಸಾಲು. ಮೇಲಿನ ಸಾಲುಗಳೆಲ್ಲ ಚೆನ್ನಾಗಿಯೇ ಇದ್ದವು. ಬಸ್ಸಿನ ದೊಡ್ಡ ಸಾಹೇಬರು ಸುರಪುರಕ್ಕೆ ಬರುತ್ತಾರೆ, ಪ್ರಯಾಣಿಕರ ಅಹವಾಲು ಕೇಳುತ್ತಾರೆ, ಯೋಗ್ಯವೆನಿಸಿದರೆ ಕುಳಿತಲ್ಲೇ ಸಹಿ ಹಾಕುತ್ತಾರೆ ಎಂದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ‘ಅರ್ಜಿದಾರರು ತಮ್ಮ ಅಹವಾಲನ್ನು ಮೈಕಿನ ಮುಂದೆ ಖುದ್ದಾಗಿ ಹೇಳತಕ್ಕದ್ದು’ ಎಂದು ಸೇರಿಸಿದ್ದರು. ಅದನ್ನು ಓದುತ್ತಲೇ ಮಹಾನಂದಾಳ ಅಂಗೈ ಬೆವರಿ, ನೋಟೀಸು ಬೆರಳಿಗೆ ಅಂಟಿಕೊಂಡಿತು.

ಬೇವಿನಗಡ್ಡಿ ಶಹಾಪುರ–ಸುರಪುರ ರಸ್ತೆಯ ಮಗ್ಗುಲಲ್ಲೇ ಇರುವ ಮೂವತ್ತು ಮನೆಗಳ ಊರು. ದಿನಕ್ಕೆ ಹತ್ತಾರು ಬಸ್ಸು ಊರ ಮುಂದೆ ಹಾಯುತ್ತವೆ, ಒಂದೂ ನಿಲ್ಲುವುದಿಲ್ಲ. ಬಸ್ಸು ನಿಲ್ಲುವ ಬನ್ನಿಗಿಡದ ಕ್ರಾಸು ಸುರಪುರದ ದಿಕ್ಕಿಗೆ ನಾಲ್ಕು ಕಿಲೋಮೀಟರ್ ದೂರ. ಹಾಗಾಗಿ ಶಹಾಪುರಕ್ಕೆ ಹೋಗುವವರು ಮೊದಲು ಶಹಾಪುರಕ್ಕೆ ಬೆನ್ನು ಮಾಡಿ ನಾಲ್ಕು ಕಿಲೋಮೀಟರ್ ನಡೆದು, ಅಲ್ಲಿ ಬಸ್ಸು ಹತ್ತಿ, ಮತ್ತೆ ತಮ್ಮ ಮನೆಯ ಮುಂದೆಯೇ ಹಾಯ್ದು ಹೋಗಬೇಕು. ಕಿಟಕಿಯಿಂದ ನೋಡಿದರೆ ಅಂಗಳದಲ್ಲಿ ಒಣಹಾಕಿದ ಬಟ್ಟೆ ಎಣಿಸಬಹುದು. ಪಕ್ಕದ ಮನೆಯ ಕಲ್ಯಾಣಮ್ಮ ಒಮ್ಮೆ ತನ್ನ ರೊಟ್ಟಿಬುಟ್ಟಿಗೆ ಆಡು ಬಾಯಿ ಹಾಕಿದ್ದನ್ನು ಬಸ್ಸಿನೊಳಗಿಂದಲೇ ಕಂಡು, ಶಹಾಪುರ ಬರುವವರೆಗೂ ಆಡಿನ ಏಳು ತಲೆಮಾರನ್ನು ಬೈದಿದ್ದಳು.

ಊರ ಗಂಡಸರು ಕುರಿ ಹೊಡೆದುಕೊಂಡು ಹುಣಸಗಿ ಕಡೆಗೆ ಹೋಗಿದ್ದರು. ಕಾಲುವೆ ನೀರಿನ ಹೊಲಗಳಲ್ಲಿ ರಾತ್ರಿ ಕುರಿ ತರುಬಿದರೆ ಹೊಲದವರಿಗೆ ಗೊಬ್ಬರ, ಇವರಿಗೆ ಕಾಳು. ಅವರು ಬರುವುದು ಮಳೆ ಬಿದ್ದ ಮೇಲೆ. ಉಳಿದ ಹೆಂಗಸರಲ್ಲಿ ಓದು ಬರಹ ಬಲ್ಲವಳು ಮಹಾನಂದಾ ಒಬ್ಬಳೇ. ಏಳನೇ ತರಗತಿಗೇ ಶಾಲೆ ಬಿಟ್ಟು, ಈಗ ಇಪ್ಪತ್ತೆರಡರ ವಯಸ್ಸಿನಲ್ಲಿ ಮಿಷಿನ್ನಿನ ಮೇಲೆ ಜಂಪರು ಹೊಲಿಯುವ ಅವಳು ಸ್ಟಾಪು ಬೇಕೆಂದು ಈಗಾಗಲೇ ನಾಲ್ಕು ಅರ್ಜಿ ಬರೆದಿದ್ದಳು. ನಾಲ್ಕಕ್ಕೂ ಉತ್ತರವಿರಲಿಲ್ಲ. ಬರೆಯುವುದಾದರೆ ಅವಳು ಇನ್ನೂ ನಾನ್ನೂರು ಬರೆಯುತ್ತಿದ್ದಳು. ಆದರೆ ಮಾತು! ಹೋದ ವರ್ಷ ಗ್ರಾಮಸಭೆಯಲ್ಲಿ ಎದ್ದು ನಿಂತು ‘ಬಸ್ಸು’ ಎನ್ನಲು ಹೋಗಿ ‘ಬ, ಬ’ ಎಂದಷ್ಟೇ ಹೇಳಿ ಕುಳಿತಿದ್ದಳು. ಕುರಿಯವರ ಊರಿನಿಂದ ಕುರಿಯೇ ಬಂದಿದೆ ಎಂದು ಹಿಂದಿನ ಸಾಲಿನವರು ನಕ್ಕಿದ್ದರು.

ಈ ಸಲ ಕುಳಿತುಬಿಡುವ ಹಾಗಿರಲಿಲ್ಲ. ತಂಗಿ ಸವಿತಾ ಏಳನೇ ತರಗತಿ ಪಾಸಾಗಿದ್ದಳು. ಶಹಾಪುರದ ಹೈಸ್ಕೂಲಿಗೆ ಹೆಸರು ಹಚ್ಚಲು ಇನ್ನು ಎರಡೇ ತಿಂಗಳು ಉಳಿದಿತ್ತು. ತಾಯಿ ಮಲ್ಲಾಬಾಯಿಯದು ಒಂದೇ ಮಾತು.

“ಬಸ್ ನಿಂದ್ರಲಾರದಕ್ಕ ನಿನ್ನ ಸಾಲಿ ಬಿಡ್ಸೀನಿ. ಈಗರ ಏನ್ ನಿಂತದ? ಅಕಿ ಒಬ್ಬಾಕಿನ ಆ ಜಾಲಿಗಿಡದಾಗ ದಿನಾ ನಾಕ ಮೈಲಿ ಹ್ಯಾಂಗ ಕಳಿಸ್ಲಿ?”

ನಾಲ್ಕು ಕಿಲೋಮೀಟರನ್ನು ಅವ್ವ ನಾಲ್ಕು ಮೈಲಿ ಮಾಡಿದ್ದನ್ನು ಮಹಾನಂದಾ ತಿದ್ದಲಿಲ್ಲ. ಸವಿತಾ ಹೊಸ ನೋಟಬುಕ್ಕಿಗೆ ರಟ್ಟು ಹಾಕುತ್ತ ಕುಳಿತಿದ್ದಳು. ಅದನ್ನು ನೋಡಿಯೇ ಮಹಾನಂದಾ ಹಲ್ಲು ಕಚ್ಚಿ ನಿರ್ಧಾರ ಮಾಡಿದಳು.

ಶಹಾಪುರದಲ್ಲಿ ಒಂದು ಫೋಟೋ ಅಂಗಡಿಯ ಮೇಲಿನ ಕೋಣೆಯಲ್ಲಿ ನಾಗರತ್ನಾ ಮೇಡಮ್ಮು ಮನಸ್ಸಿನ ಅಂಜಿಕೆಗೆ ಉಪಚಾರ ಮಾಡುತ್ತಿದ್ದರು. ಅವರು ಮಹಾನಂದಾಳ ಗಿರಾಕಿ. ಫೀಸಿನ ಬದಲು ಜಂಪರು ಹೊಲಿದುಕೊಡುವುದೆಂದು ಮಾತಾಯಿತು. ಉಪಚಾರಕ್ಕೆ ಗುಳಿಗೆಯಿಲ್ಲ, ಸೂಜಿಯಿಲ್ಲ. ಕಣ್ಣಿಗೆ ಒಂದು ಕಪ್ಪು ಡಬ್ಬಿ ಕಟ್ಟುತ್ತಾರೆ. ಕಟ್ಟಿದ ಕೂಡಲೇ ಕೋಣೆ ಮಾಯವಾಗಿ ದೊಡ್ಡ ಸಭಾಂಗಣ ಕಾಣುತ್ತದೆ. ತಲೆ ಎತ್ತ ತಿರುಗಿಸಿದರೂ ಅತ್ತ ಜನ. ಅವರ ಮುಂದೆ ನಿಂತು ಮಾತಾಡಬೇಕು. ಬೆರಳಿಗೆ ಸಿಕ್ಕಿಸಿದ ಚಿಮಟಿಗೆ ಎದೆಬಡಿತದ ಲೆಕ್ಕವನ್ನು ಮೇಡಮ್ಮಿನ ಫೋನಿಗೆ ಕಳಿಸುತ್ತದೆ. ಬಡಿತ ಏರಿದರೆ ನಾಲ್ಕು ಎಣಿಸಿ ಉಸಿರು ಎಳೆದುಕೊಳ್ಳಬೇಕು, ಆರು ಎಣಿಸಿ ಬಿಡಬೇಕು. ಒಂದು ಮಟ್ಟಕ್ಕೆ ಅಂಜಿಕೆ ಇಳಿದರೆ ಮುಂದಿನ ಮಟ್ಟ.

ಮೊದಲ ದಿನ ಡಬ್ಬಿಯೊಳಗೆ ಬರೇ ಖಾಲಿ ಖುರ್ಚಿ. ಮಹಾನಂದಾ ಅವಕ್ಕೂ ಅಂಜಿದಳು. ಆಮೇಲೆ ಐದು ಜನ ಬಂದರು, ಮೂವತ್ತು ಜನ ಬಂದರು. ಎಲ್ಲರೂ ಕೋಟು ತೊಟ್ಟ, ಕಾಲ ಮೇಲೆ ಕಾಲು ಹಾಕಿದ ಪರದೇಶದವರು. ಅವರ ಮುಂದೆ ಅವಳ ಎದೆ ಹೊಡೆದುಕೊಳ್ಳಲೇ ಇಲ್ಲ. ಮೇಡಮ್ಮು ಖುಷಿಪಟ್ಟು ಕಾರಣ ಕೇಳಿದರೆ, “ಅವರಿಗಿ ಕನ್ನಡ ತಿಳೀತದೇನ್ರಿ? ನಾ ಏನಂದ್ರ ಅವರಿಗೇನು” ಎಂದುಬಿಟ್ಟಳು.

ಮೇಡಮ್ಮು ಬಿಡುವವರಲ್ಲ. ಸುತ್ತಲೂ ಕಣ್ಣಿರುವ ಒಂದು ಕ್ಯಾಮರಾ ಎರವಲು ತಂದು, ಸುರಪುರದ ಒಂದು ಕಲ್ಯಾಣ ಮಂಟಪದಲ್ಲಿ ನಡೆದ ಮಹಿಳಾ ಸಂಘಗಳ ಸಭೆಗೆ ಹೋಗಿ, ವೇದಿಕೆಯ ಮೇಲಿಟ್ಟು ಇಡೀ ಸಭೆಯನ್ನು ಚಿತ್ರ ಹಿಡಿದು ತಂದರು. ಡಬ್ಬಿಯಲ್ಲಿ ಕೋಟಿನವರು ಹೋಗಿ ಇಳಕಲ್ಲ ಸೀರೆಯವರು, ರುಮಾಲಿನವರು ಬಂದರು. ಮೇಡಮ್ಮಿನ ಫೋನಿನಲ್ಲಿ ಎದೆಬಡಿತದ ಲೆಕ್ಕ ನೂರಿಪ್ಪತ್ತು ದಾಟಿತು. “ಈಗ ಖರೇ ಅಂಜಿಕಿ ಬಂತು ನೋಡು, ಇನ್ನ ಹೊಡದ ಓಡ್ಸೋಣ” ಎಂದು ಮೇಡಮ್ಮು ಸೆರಗು ಸಿಕ್ಕಿಸಿದರು. ಒಂದೂವರೆ ತಿಂಗಳಲ್ಲಿ ಹದಿನೆಂಟು ಸಲ ಅದೇ ಸಭೆಯ ಮುಂದೆ ನಿಂತು ನಿಂತು, ಮೂರನೇ ಸಾಲಿನ ನೀಲಿ ಸೀರೆಯ ಹೆಂಗಸು ಯಾವಾಗ ಎಲೆ ಅಡಿಕೆ ಬಾಯಿಗೆ ಹಾಕುತ್ತಾಳೆ, ಕಂಬದ ಮಗ್ಗುಲಿನ ಮುದುಕ ಯಾವಾಗ ತೂಕಡಿಸುತ್ತಾನೆ ಎಂಬುದೆಲ್ಲ ಮಹಾನಂದಾಳಿಗೆ ಬಾಯಿಪಾಠವಾಯಿತು.

ಇಂದು ಸಭೆಯ ದಿನ. ಮಧ್ಯಾಹ್ನ ಎರಡಕ್ಕೆ ಸುರಪುರದ ಅದೇ ಮಂಟಪದಲ್ಲಿ. ಅದಕ್ಕೂ ಮೊದಲು ಶಹಾಪುರದಲ್ಲಿ ಕೊನೆಯ ಸಲ ಡಬ್ಬಿ ಕಟ್ಟಿಕೊಂಡು ಹೋಗಬೇಕೆಂದು ಮೇಡಮ್ಮು ಹೇಳಿದ್ದರು.

ಬೆಳಗಾಗುವುದರೊಳಗೆ ಕಲ್ಯಾಣಮ್ಮ ತೇಯುವ ಕಲ್ಲು ಹಿಡಿದು ಹಾಜರಾದಳು. ಪ್ರಾಯದ ಹುಡುಗಿಯನ್ನು ಒಬ್ಬಳೇ ಕಳಿಸುವುದುಂಟೇ ಎಂದು ತಾನಾಗಿಯೇ ಜೊತೆಗೆ ಹೊರಟವಳು ಅವಳು. ಬಜೆಬೇರನ್ನು ಜೇನಿನಲ್ಲಿ ತೇಯ್ದು ತಂದಿದ್ದಳು.

“ನಾಲಗಿ ಚಾಚು. ಕೂಸಿದ್ದಾಗ ನಿಮ್ಮವ್ವ ನಿನಗ ಬಜಿ ತಿಕ್ಕಿಲ್ಲ, ಅದಕ್ಕ ಮಾತ ಒಳಗ ಕುಂತಾವ.”

“ಅತ್ತಿ, ಬ್ಯಾಡ. ನಂದು ನಾಲಗಿದಲ್ಲ, ಎದಿದು.”

“ಎದಿಗಿ ತಿಕ್ಕಾಕ ಬರಂಗಿಲ್ಲ. ಚಾಚು.”

ಒಂದು ವರ್ಷದ ಕೂಸಿಗೆ ಒಂದು ತಿಕ್ಕು ಸಾಕಾದರೆ ಇಪ್ಪತ್ತೆರಡು ವರ್ಷದವಳಿಗೆ ಇಪ್ಪತ್ತೆರಡು ಬೇಕೆಂಬುದು ಕಲ್ಯಾಣಮ್ಮನ ಹಿಸಾಬು. ತಿಕ್ಕಿ ಮುಗಿಸುವಷ್ಟರಲ್ಲಿ ಮಹಾನಂದಾಳ ನಾಲಗೆ ಹಳೆಯ ಚಪ್ಪಲಿಯ ಅಟ್ಟೆಯಂತಾಗಿತ್ತು. ಕ್ರಾಸಿನವರೆಗಿನ ನಾಲ್ಕು ಕಿಲೋಮೀಟರನ್ನು ಅವಳು ಬಾಯಿ ತೆರೆದುಕೊಂಡು, ಗಾಳಿಗೆ ನಾಲಗೆ ಆರಿಸುತ್ತ ನಡೆದಳು. ಎದುರು ಬಂದವರು ಹುಡುಗಿಗೆ ನಾಯಿ ಕಚ್ಚಿದೆಯೇ ಎಂದು ಕಲ್ಯಾಣಮ್ಮನನ್ನು ಕೇಳಿದರು.

ಶಹಾಪುರ ಮುಟ್ಟುವಷ್ಟರಲ್ಲಿ ನಾಲಗೆಗೆ ಜೀವ ಬಂದಿತ್ತು. ಡಬ್ಬಿ ಕಟ್ಟಿಕೊಂಡು ಮಹಾನಂದಾ ಇಡೀ ಸಭೆಯ ಮುಂದೆ ಮೊದಲಿನಿಂದ ಕೊನೆಯವರೆಗೆ ಮಾತಾಡಿದಳು. ಎದೆಬಡಿತ ಎಂಬತ್ತು ದಾಟಲಿಲ್ಲ. ಮೇಡಮ್ಮು ಅವಳ ಬೆನ್ನು ಚಪ್ಪರಿಸಿ, ದಾರಿಯಲ್ಲಿ ಇನ್ನೊಂದು ಸಲ ಹೇಳಿಕೊಂಡು ಹೋಗು, ಹನ್ನೆರಡರ ಬಸ್ಸು ಹಿಡಿ ಎಂದರು. ಅಷ್ಟಕ್ಕೇ ಹೊರಟಿದ್ದರೆ ಕತೆ ಬೇರೆಯಾಗುತ್ತಿತ್ತು. ಮೂಲೆಯಲ್ಲಿ ಕುಳಿತು ಎಲ್ಲ ನೋಡುತ್ತಿದ್ದ ಕಲ್ಯಾಣಮ್ಮ, ಅದರೊಳಗೆ ಏನಿದೆ ತನಗೂ ಒಂದಿಷ್ಟು ಕಟ್ಟಿರಿ ಎಂದಳು.

ಕಟ್ಟಿದ ತಕ್ಷಣ ಅವಳು ಗಾಬರಿಯಿಂದ ತಲೆ ಮೇಲೆ ಸೆರಗು ಎಳೆದುಕೊಂಡಳು. ಎಲ್ಲ ದಿಕ್ಕಿಗೂ ಕೈ ಮುಗಿದಳು. “ಸರೀರಿ ಯವ್ವಾ, ಇಟ ಜಾಗಾ ಕೊಡ್ರಿ” ಎನ್ನುತ್ತ ಮೇಡಮ್ಮಿನ ಟೇಬಲ್ಲಿನ ಕೆಳಗೆ ತೂರಿ ಕುಳಿತಳು. ಆಮೇಲೆ ಒಮ್ಮೆಲೇ ಅವಳ ಮುಖ ಅರಳಿತು.

“ಏ ದುರ್ಗಿ.”

ಗಾಳಿಯಲ್ಲಿ ಕೈ ಬೀಸಿದಳು.

“ಏ ದುರ್ಗಾದೇವಿ, ಇತ್ತಾಗ. ನಾ ಕಲ್ಯಾಣಿ.”

ಮೂರನೇ ಸಾಲಿನ ನೀಲಿ ಸೀರೆಯ ಹೆಂಗಸು ಕಲ್ಯಾಣಮ್ಮನ ಸೋದರಮಾವನ ಮಗಳು. ಕೆಂಭಾವಿಯವಳು, ಸುರಪುರಕ್ಕೆ ಕೊಟ್ಟಿದ್ದರು. ಮೂರು ಸಲ ಕರೆದರೂ ಓ ಎನ್ನಲಿಲ್ಲ. ಎಲೆ ಮಡಚಿ ಬಾಯಿಗಿಟ್ಟುಕೊಂಡು ಕಲ್ಯಾಣಮ್ಮನನ್ನೇ ನೋಡುತ್ತ ಜಗಿಯತೊಡಗಿದಳು. ಕಲ್ಯಾಣಮ್ಮನ ಮುಖ ಕೆಂಪಾಯಿತು. ಅದು ಬರೇ ಚಿತ್ರ, ಅವರಿಗೆ ನೀವು ಕಾಣುವುದಿಲ್ಲ ಎಂದು ಮೇಡಮ್ಮು ಬಗೆಬಗೆಯಾಗಿ ಹೇಳಿದರು.

“ನಂಗ ಹುಚ್ಚಿ ಮಾಡಬ್ಯಾಡ್ರಿ ಮೇಡಮ್. ನನ್ನ ಮಗ ಹುಣಸಗಿ ಹೊಲದಾಗಿಂದ ಫೋನಿನ್ಯಾಗ ಮಾರಿ ತೋರ್ಸಿ ಮಾತಾಡ್ತಾನ. ಅದೂ ಚಿತ್ರನೇ. ಅಂವಾ ಓ ಅಂತಾನ. ಇಕಿಗಿ ಏನ್ ಧಾಡಿ?”

ಮೇಡಮ್ಮು ಫೋನಿನ ಚಿತ್ರಕ್ಕೂ ಡಬ್ಬಿಯ ಚಿತ್ರಕ್ಕೂ ಇರುವ ಫರಕನ್ನು ಬಿಡಿಸಿ ಹೇಳತೊಡಗಿದರು. ಅದು ಮುಗಿಯುವಷ್ಟರಲ್ಲಿ, ಕಲ್ಯಾಣಮ್ಮನನ್ನು ಟೇಬಲ್ಲಿನ ಕೆಳಗಿಂದ ಹೊರಗೆಳೆಯುವಷ್ಟರಲ್ಲಿ ಹನ್ನೆರಡರ ಬಸ್ಸು ಹೋಗಿತ್ತು.

ಬಾಷುಮಿಯಾನ ಶೇರ್ ಆಟೋ ಸಿಕ್ಕಿತು. ಹದಿಮೂರು ಜನ ತುಂಬಿದ ಮೇಲೆ ಹೊರಟಿತು. ಮೇಡಮ್ಮಿನ ಮಾತು ಮೀರಬಾರದೆಂದು ಮಹಾನಂದಾ ಒಂದು ಮೂಲೆಯಲ್ಲಿ ಕಣ್ಣು ಮುಚ್ಚಿ ಭಾಷಣವನ್ನು ಪಿಸುಗುಟ್ಟತೊಡಗಿದಳು. ಪಕ್ಕದವರು ಏನದು ಎಂದರು. ಕಲ್ಯಾಣಮ್ಮ ಎಲ್ಲ ವಿವರಿಸಿದಳು. ಅಲ್ಲಿಂದ ಭಾಷಣ ಆಟೋದ ಸಾರ್ವಜನಿಕ ಆಸ್ತಿಯಾಯಿತು. ಗೋಗಿಯ ಮುದುಕನೊಬ್ಬ ತಮ್ಮೂರ ಚರಂಡಿಯನ್ನೂ ಸೇರಿಸಲು ಹೇಳಿದ. ಮಡಿಲಲ್ಲಿ ಹುಂಜ ಇಟ್ಟುಕೊಂಡಿದ್ದ ಹೆಂಗಸು ಕೋಳಿಗೆ ಅರ್ಧ ಟಿಕೀಟು ಮಾಡಲು ಕೇಳು ಎಂದಳು. ಸ್ಟಾಪು ಬಂದರೆ ತನ್ನ ಹೊಟ್ಟೆಗೆ ಹೊಡೆತವಲ್ಲವೇ ಎಂದು ಬಾಷುಮಿಯಾ ಮುಂದಿನಿಂದ ತಕರಾರು ತೆಗೆದ. ಅವನಿಗೆ ಹುಂಜದ ಹೆಂಗಸು ಉತ್ತರ ಕೊಟ್ಟಳು, ಅವಳಿಗೆ ಮುದುಕ ಉತ್ತರ ಕೊಟ್ಟ, ಹುಂಜ ಎಲ್ಲರಿಗೂ ಉತ್ತರ ಕೊಟ್ಟಿತು. ಮಹಾನಂದಾ ಮಾತ್ರ ನಾಲ್ಕು ಎಣಿಸಿ ಉಸಿರು ಎಳೆಯುತ್ತ, ಆರು ಎಣಿಸಿ ಬಿಡುತ್ತ ಸುರಪುರದವರೆಗೆ ಬಂದಳು.

ಮಂಟಪದ ಬಾಗಿಲಲ್ಲೇ ಒಂದು ಟೇಬಲ್ಲು. ಮಾತಾಡುವವರ ಹೆಸರು ಬರೆದುಕೊಳ್ಳುತ್ತ ಕುಳಿತವಳು ಸ್ವತಃ ದುರ್ಗಾದೇವಿ. ಮಹಾನಂದಾಳಿಗೆ ಅವಳ ಮುಖ ಕಂಡು ಧೈರ್ಯವೇ ಬಂತು. ಹದಿನೆಂಟು ಸಲ ಎದುರಿಸಿದ ಮುಖ. ಹೆಸರು ಹೇಳಿದಳು. ದುರ್ಗಾದೇವಿ ನಗುನಗುತ್ತ ಮೂರನೆಯ ನಂಬರಿಗೆ ಬರೆದುಕೊಂಡಳು. ಆಗ ಹಿಂದಿನಿಂದ ಕಲ್ಯಾಣಮ್ಮ ಮುಂದೆ ಬಂದಳು.

“ಯಾಕ ದುರ್ಗಿ, ಈಗ ನಾ ಕಾಣ್ತೀನಿ?”

“ಅಯ್ಯ, ಕಲ್ಯಾಣಕ್ಕ. ಯಾವಾಗ ಬಂದಿ?”

“ಈಗ ಅಕ್ಕ ಆದ್ನಾ? ಮುಂಜಾನಿ ಮೂರ ಸಲ ಕರದ್ರ ಕಲ್ಲ ಕುಂತಂಗ ಕುಂತಿ.”

ದುರ್ಗಾದೇವಿ ಕಣ್ಣು ಬಿಟ್ಟಳು. ತಾನು ಮುಂಜಾನೆಯಿಂದ ಈ ಟೇಬಲ್ಲು ಬಿಟ್ಟು ಎದ್ದಿಲ್ಲ ಎಂದಳು. ಕಲ್ಯಾಣಮ್ಮ ಕೇಳಲಿಲ್ಲ.

“ಸುಳ್ಳ ಹೇಳಬ್ಯಾಡ. ನೀಲಿ ಸೀರಿ ಉಟ್ಟಿದ್ದಿ. ಎಲಿ ಅಡಿಕಿ ಹಾಕ್ಕೊಂಡು ಆಡಿನಂಗ ಮೆಲಕ ಹಾಕಾಕತ್ತಿದ್ದಿ. ಕಣ್ಣಾರೆ ಕಂಡೀನಿ.”

ಎಲೆ ಅಡಿಕೆ ಬಿಟ್ಟಿದ್ದೇನೆಂದು ದುರ್ಗಾದೇವಿ ಅತ್ತೆಯ ಮುಂದೆ ಆಣೆ ಮಾಡಿ ಎರಡು ವರ್ಷವಾಗಿತ್ತು. ಆ ಅತ್ತೆ ಪಕ್ಕದ ಖುರ್ಚಿಯಲ್ಲೇ ಕುಳಿತಿದ್ದಳು. ಅವಳು ನಿಧಾನವಾಗಿ ಸೊಸೆಯ ಕಡೆ ತಿರುಗಿದಳು. ದುರ್ಗಾದೇವಿ ಪೆನ್ನು ತೆಗೆದುಕೊಂಡು ಮೂರನೆಯ ಹೆಸರಿನ ಮೇಲೆ ಅಡ್ಡಗೆರೆ ಎಳೆದಳು. ಹಾಳೆಯ ತುದಿಗೆ ಹೋಗಿ, ನಲವತ್ತೊಂದನೆಯ ಹೆಸರಾಗಿ ‘ಮಹಾನಂದಾ, ಬೇವಿನಗಡ್ಡಿ’ ಎಂದು ಬರೆದಳು.

ಸಭೆ ಶುರುವಾಯಿತು. ಬಸ್ಸಿನ ಸಾಹೇಬರು ದಪ್ಪ ಕನ್ನಡಕದ, ಮೆತ್ತನೆಯ ಮುಖದ ಮನುಷ್ಯ. ಒಬ್ಬರಾದ ಮೇಲೆ ಒಬ್ಬರು ಬಂದು ಹೇಳಿದರು. ಕೆಲವರು ಕೂಗಿದರು, ಕೆಲವರು ಜಗಳಾಡಿದರು. ಎಲ್ಲರಿಗೂ ಸಾಹೇಬರು, ನೋಡೋಣ ಎಂದರು. ಮೂವತ್ತು ಹೆಸರು ಮುಗಿಯುವಷ್ಟರಲ್ಲಿ ಅವರ ಗದ್ದ ಎದೆಗೆ ತಾಕಿತ್ತು. ಒಬ್ಬರಿಗೂ ಸಹಿ ಬಿದ್ದಿರಲಿಲ್ಲ. ಇದನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದ ಮಹಾನಂದಾಳಿಗೆ ಒಂದು ಮಾತು ಖಾತ್ರಿಯಾಯಿತು: ಇವರಾರೂ ಮನಸ್ಸಿಗೆ ನಾಟುವ ಹಾಗೆ ಹೇಳುತ್ತಿಲ್ಲ.

ನಲವತ್ತನೆಯವನು ಕೆಂಭಾವಿ ಕಡೆಯ ಬಸವಂತ್ರಾಯ. ಆರಡಿ ಎತ್ತರ, ಹುರಿಮೀಸೆ, ಎತ್ತಿನ ಹೆಗಲು. ಬಂದು ಮೈಕಿನ ಕೋಲು ಹಿಡಿದ. ಹಿಡಿದ ಕೈ ನಡುಗಿತು; ಕೋಲು ನಡುಗಿತು; ಸ್ಪೀಕರಿನಲ್ಲಿ ಖಾಲಿ ಟ್ರ್ಯಾಕ್ಟರು ಹಾಯ್ದಂತೆ ಗಡಗಡ ಶಬ್ದವಾಯಿತು. ಬಾಯಿ ತೆರೆದ, ಮಾತು ಬರಲಿಲ್ಲ. ಬೆವರು ಮೀಸೆಯಿಂದ ತೊಟ್ಟಿಕ್ಕಿತು. ಅವನು ಒಂದು ಕಡೆಗೆ ವಾಲಿದ. ಸಾಹೇಬರು ಗಡಬಡಿಸಿ ಎದ್ದರು. ಇಷ್ಟು ದೊಡ್ಡ ಆಸಾಮಿ ತಮ್ಮ ಸಭೆಯಲ್ಲೇ ಕೆಳಗೆ ಬಿದ್ದರೆ ನಾಳೆ ಪೇಪರಿನವರು ಏನು ಬರೆದಾರು!

“ನೀರು ಕೊಡ್ರಿ, ಮೊದಲ ನೀರು ಕೊಡ್ರಿ. ಕಾಗದ ತರ್ರಿ ಇಲ್ಲಿ. ಏನದ, ಸ್ಟಾಪಾ? ನಾಳಿಂದನೇ ನಿಲ್ಲಿಸಾಕ ಹೇಳ್ರಿ. ಸಹಿ ಮಾಡೀನಿ ಯಜಮಾನ್ರ, ನೀವು ಕೂಡ್ರಿ.”

ಇಬ್ಬರು ಬಸವಂತ್ರಾಯನನ್ನು ತೋಳು ಹಿಡಿದು ಕೂಡಿಸಿದರು. ಪಾಪ, ಇವನಿಗೆ ನಾಗರತ್ನಾ ಮೇಡಮ್ಮಿನ ವಿಳಾಸ ಕೊಡಬೇಕು ಎಂದುಕೊಳ್ಳುತ್ತ ಮಹಾನಂದಾ ಎದ್ದು ನಿಂತಳು.

ಮೈಕಿನ ಮುಂದೆ ಬಂದಳು. ಕಣ್ಣೆತ್ತಿದಳು. ಅದೇ ಮಂಟಪ, ಅದೇ ಕಂಬ, ಅದೇ ರುಮಾಲುಗಳು. ಯಾರೋ ಒಬ್ಬ ಹಿಂದೆ ಕೆಮ್ಮಿದ. ನಾಲ್ಕು ಎಣಿಸಿ ಉಸಿರು ಎಳೆದಳು, ಆರು ಎಣಿಸಿ ಬಿಟ್ಟಳು. ಎದೆ ಅವಳ ಹೊಲಿಗೆ ಮಿಷಿನ್ನಿನ ಹಾಗೆ ಒಂದೇ ಲಯದಲ್ಲಿ ಓಡುತ್ತಿತ್ತು.

“ನಮ್ಮೂರಾಗ ಬಸ್ ಕಾಣದವರು ಯಾರೂ ಇಲ್ರಿ ಸಾಹೇಬ್ರ” ಎಂದು ಶುರು ಮಾಡಿದಳು. “ದಿನಾ ಕಾಣ್ತೀವಿ. ಯಾವ ಬಸ್ಸಿನ ಹಿಂದಿನ ಗಾಜು ಒಡದದ, ಯಾವ ಬಸ್ಸಿಗಿ ಎಡಗಡಿ ದೀಪ ಇಲ್ಲ, ನಮ್ಮ ಸಣ್ಣ ಕೂಸಿಗೂ ಗೊತ್ತದ. ಬಸ್ಸಿನ ಬೆನ್ನ ಅಷ್ಟೇ ಗೊತ್ತು ನಮಗ. ಬಾಗಲಾ ಗೊತ್ತಿಲ್ಲ.”

ಸಾಹೇಬರ ಗದ್ದ ಎದೆಯಿಂದ ಮೇಲೆದ್ದಿತು.

“ನಾ ಏಳನೇ ಪಾಸಾದಾಗ ನಮ್ಮವ್ವ ಅಂದ್ಲು, ಬಸ್ ನಿಂತ್ರ ಸಾಲಿಗಿ ಹೋಗು ಅಂತ. ಒಂದ ತಿಂಗಳು ಪಾಟಿಚೀಲ ಹಾಕ್ಕೊಂಡು ರಸ್ತೇದಾಗ ನಿಂತು ಕೈ ಮಾಡಿದ್ನಿರಿ. ಡ್ರೈವರ್ ಕಾಕಾನೂ ದಿನಾ ಕೈ ಮಾಡ್ತಿದ್ದ. ನಾ ನಿಲ್ಸು ಅಂತ, ಅಂವಾ ಟಾಟಾ ಅಂತ. ತಿಂಗಳಾದ ಮ್ಯಾಲ ನಾ ಕೈ ಇಳಿಸಿದೆ. ಈಗ ನನ್ನ ತಂಗಿ ಕೈ ಎತ್ತಾಕ ನಿಂತಾಳ.”

ಹೀಗೆ ಒಂಬತ್ತು ನಿಮಿಷ ಮಾತಾಡಿದಳು. ಕಂಬದ ಮಗ್ಗುಲಿನವರೂ ತೂಕಡಿಸಲಿಲ್ಲ. ದುರ್ಗಾದೇವಿ ಜಗಳ ಮರೆತು ಸೆರಗಿನಿಂದ ಕಣ್ಣೊತ್ತಿಕೊಂಡಳು. ಮುಗಿದಾಗ ಚಪ್ಪಾಳೆ ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ ಬಿತ್ತು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು, ಎದ್ದು ಮೈಕಿನ ಹತ್ತಿರ ಬಂದರು. ಮಹಾನಂದಾ ಅರ್ಜಿಯನ್ನೂ ಪೆನ್ನನ್ನೂ ಮುಂದೆ ಹಿಡಿದಳು.

“ಇಪ್ಪತ್ತೆರಡು ವರ್ಷ ಆತು ತಂಗಿ ನನ್ನ ಸರ್ವಿಸು. ಬಸ್ ನಿಲ್ಲಂಗಿಲ್ಲ ಅನ್ನೋದನ್ನ ಇಷ್ಟ ಚಂದ ಯಾರೂ ಹೇಳಿಲ್ಲ” ಎಂದರು. ಬರುವ ತಿಂಗಳು ಯಾದಗಿರಿಯಲ್ಲಿ ಜಿಲ್ಲೆಯ ದೊಡ್ಡ ಸಭೆಯಿದೆ, ತಮ್ಮ ಮೇಲಿನ ಸಾಹೇಬರು ಬರುತ್ತಾರೆ, ಸುರಪುರದ ಪರವಾಗಿ ಈ ಭಾಷಣ ಅಲ್ಲಿ ಆಗಲೇಬೇಕು ಎಂದು ಸಾರಿದರು. ಮತ್ತೊಮ್ಮೆ ಚಪ್ಪಾಳೆ ಬಿತ್ತು.

“ಆಗ್ಲಿರಿ. ಇದಕ್ಕ ಸಹಿ?”

ಸಾಹೇಬರು ಅರ್ಜಿಯನ್ನು ಪ್ರೀತಿಯಿಂದ ಮಡಚಿ ಅವಳ ಕೈಗೇ ಕೊಟ್ಟರು.

“ಇದನ್ನ ಈಗ ಮುಟ್ಟಂಗಿಲ್ಲ. ಇವತ್ತೇ ಸ್ಟಾಪ್ ಕೊಟ್ಟುಬಿಟ್ರ ಅಲ್ಲಿ ಏನಂತ ಮಾತಾಡ್ತಿ?”

ಮಹಾನಂದಾ ಒಂದು ಕ್ಷಣ ಅವರ ಮುಖವನ್ನೇ ನೋಡಿದಳು. ತಮಾಷೆಯಲ್ಲ. ಅವಳು ಮತ್ತೆ ಮೈಕಿಗೆ ಬಾಯಿ ಕೊಟ್ಟಳು.

“ಸಾಹೇಬ್ರ, ಸಾಲಿಗಿ ಹೆಸರು ಹಚ್ಚಾಕ ಹದಿನೈದೇ ದಿನ ಅದಾವ. ಸ್ಟಾಪ್ ಕೊಡ್ರಿ, ಯಾದಗಿರಿಗಿ ಬಂದು ನಿಮ್ಮ ಉಪಕಾರ ಹೇಳ್ತೀನಿ. ಕಷ್ಟ ಹೇಳಾಕ ತಿರುಗೋ ನಾಲಗಿ ಉಪಕಾರ ಹೇಳಾಕ ತಿರುಗಂಗಿಲ್ಲೇನ್ರಿ?”

“ಇದನ್ನ ಬರ್ಕೊಳ್ರಿ” ಎಂದು ಸಾಹೇಬರು ಗುಮಾಸ್ತನಿಗೆ ಹೇಳಿದರು. “ಇದೂ ಭಾಷಣದಾಗ ಬರಬೇಕು.”

ಅವಳು ಇನ್ನೂ ಚೆನ್ನಾಗಿ ವಾದಿಸಿದಳು. ಗುಮಾಸ್ತ ಇನ್ನಷ್ಟು ಬರೆದುಕೊಂಡ. ಅವಳ ಒಂದೊಂದು ಮಾತೂ ಸ್ಟಾಪನ್ನು ಒಂದೊಂದು ತಿಂಗಳು ಮುಂದಕ್ಕೆ ತಳ್ಳುತ್ತಿತ್ತು. ಯಾದಗಿರಿಯಲ್ಲಿ ಗೆದ್ದರೆ ಆಮೇಲೆ ಕಲಬುರಗಿ ಎಂಬ ಮಾತೂ ಆಗಲೇ ಬಂತು. ಆಗ ಅವಳ ಕಣ್ಣು ಮುಂದಿನ ಸಾಲಿನಲ್ಲಿ ನೀರು ಕುಡಿಯುತ್ತ, ಸಹಿಯಾದ ಕಾಗದವನ್ನು ಎದೆಗೆ ಅವುಚಿಕೊಂಡಿದ್ದ ಬಸವಂತ್ರಾಯನ ಮೇಲೆ ಬಿತ್ತು.

ನಡುಗಬೇಕು! ಮಹಾನಂದಾ ಮೈಕಿನ ಕೋಲು ಹಿಡಿದಳು. ಕೋಲು ಕಾಂಕ್ರೀಟಿನಲ್ಲಿ ಹೂತ ಕಂಬದಂತೆ ನಿಂತಿತು. ಮುನ್ನೂರು ಜನ ನನ್ನನ್ನೇ ನೋಡುತ್ತಿದ್ದಾರೆ ಎಂದುಕೊಂಡಳು. ಎಲ್ಲರೂ ಗುರುತಿನವರಂತೆ ಕಂಡರು. ಬೆವರನ್ನು ಕರೆದಳು, ಬರಲಿಲ್ಲ. ಒಂದೂವರೆ ತಿಂಗಳು ಹಗಲಿಡೀ ಹೊಲಿದು ಕೊಟ್ಟ ಜಂಪರುಗಳ ಬದಲಿಗೆ ಮೇಡಮ್ಮು ಅಂಜಿಕೆಯನ್ನು ಬೇರುಸಹಿತ ಕಿತ್ತು ಹಾಕಿದ್ದರು. ಕೊನೆಗೆ ಬಲವಂತವಾಗಿ ಎರಡೂ ಕೈ ಅಲ್ಲಾಡಿಸಿ, ಕಣ್ಣು ತೇಲಿಸಿ, ಒಂದು ಕಡೆಗೆ ವಾಲಿದಳು.

“ನೋಡ್ರಿ, ಅಭಿನಯನೂ ಬರ್ತದ” ಎಂದು ಸಾಹೇಬರು ಹಿಗ್ಗಿದರು.

ಸಂಜೆ ಐದರ ಬಸ್ಸಿಗೆ ಇಬ್ಬರೂ ಶಹಾಪುರದ ಕಡೆ ಹೊರಟರು. ಕಲ್ಯಾಣಮ್ಮ ಇಡೀ ದಿನದ ತಪ್ಪನ್ನು ದುರ್ಗಾದೇವಿಯ ಎಲೆ ಅಡಿಕೆಯ ಮೇಲೆ ಹೊರಿಸಿ ಕಿಟಕಿಗೆ ತಲೆ ಆನಿಸಿದ್ದಳು. ಮಹಾನಂದಾ ಮಡಚಿದ ಅರ್ಜಿಯನ್ನು ಬಿಚ್ಚಿ ಮತ್ತೆ ಮಡಚಿದಳು. ಬನ್ನಿಗಿಡದ ಕ್ರಾಸು ಬಂತು, ಕಂಡಕ್ಟರು ಕೂಗಿದ. ಎದ್ದು ನಿಂತ ಕಲ್ಯಾಣಮ್ಮನ ಸೆರಗನ್ನು ಮಹಾನಂದಾ ಹಿಡಿದು ಕೂಡಿಸಿದಳು. ಬಸ್ಸು ಮುಂದೆ ಹೊರಟಿತು.

“ಇಲ್ಲಿ ಇಳೀಬೇಕಲ್ರಿ ನೀವು?” ಎಂದ ಕಂಡಕ್ಟರು.

“ಬೇವಿನಗಡ್ಡಿಗಿ ಇಳೀತೀವಿ.”

ಅಲ್ಲಿ ಸ್ಟಾಪಿಲ್ಲ, ನಿಲ್ಲಿಸಿದರೆ ತನಗೆ ಮೆಮೋ ಬರುತ್ತದೆ, ಬೇಕಾದರೆ ಸಾಹೇಬರಿಗೆ ಹೇಳಿ ಎಂದ ಅವನು. ಸಾಹೇಬರಿಗೆ ಹೇಳಿಯೇ ಬಂದಿದ್ದ ಮಹಾನಂದಾ ಎದ್ದಳು. ಮೇಲಿನ ಕಂಬಿ ಹಿಡಿದಳು. ಬಸ್ಸಿನ ತುಂಬ ಜನ. ಸಹಿ ಹಾಕುವವನಿಗಿಂತ ಸೀಟಿ ಊದುವವನೇ ಮೇಲು ಎಂದುಕೊಂಡು ಶುರು ಮಾಡಿದಳು. ಬಸ್ಸಿನ ಬೆನ್ನು ಹೇಳಿದಳು, ಬಾಗಿಲು ಹೇಳಿದಳು, ಪಾಟಿಚೀಲ ಹೇಳಿದಳು. ಮಾತಾಡುತ್ತಿದ್ದವರು ಸುಮ್ಮನಾದರು. ನಿದ್ದೆಯಲ್ಲಿದ್ದವರು ಎದ್ದು ಕುಳಿತರು. ಡ್ರೈವರು ಹಾಡು ಬಂದ್ ಮಾಡಿ ಕಿವಿಗೊಟ್ಟ. ಡ್ರೈವರ್ ಕಾಕಾ ಟಾಟಾ ಮಾಡುತ್ತಿದ್ದ ಮಾತು ಬಂದಾಗ ಅವನ ಮೂಗು ಸೊರಗುಟ್ಟಿದ್ದು ಹಿಂದಿನ ಸೀಟಿನವರೆಗೂ ಕೇಳಿಸಿತು. ಕಲ್ಯಾಣಮ್ಮನಂತೂ ತನ್ನೂರ ಕತೆಯನ್ನೇ ಮೊದಲ ಸಲ ಕೇಳುವವಳಂತೆ ಅಳುತ್ತಿದ್ದಳು.

ಭಾಷಣ ಮುಗಿಯಿತು. ಕಂಡಕ್ಟರು ಟಿಕೀಟು ಮಿಷಿನ್ನಿನ ಬೆನ್ನಿನಿಂದ ಕಣ್ಣು ಒರೆಸಿಕೊಂಡ.

“ಮೆಮೋ ಬಂದ್ರ ಬರ್ಲಿ ಅಕ್ಕಾರ. ನೌಕರಿ ಹೋದ್ರ ಹೋಗ್ಲಿ. ಇವತ್ತ ನಿಲ್ಸ್ತೀನಿ, ನಾಳಿನೂ ನಿಲ್ಸ್ತೀನಿ. ಎಲ್ಲದ ನಿಮ್ಮೂರು, ತೋರಿಸ್ರಿ” ಎಂದು ಸೀಟಿಯನ್ನು ಬಾಯಿಗಿಟ್ಟುಕೊಂಡ.

ಮಹಾನಂದಾ ಬಗ್ಗಿ ಕಿಟಕಿಯಿಂದ ಹೊರಗೆ ನೋಡಿದಳು. ಮಣ್ಣಿನ ಏರಿ, ನೀರಿಲ್ಲದ ಕಾಲುವೆ, ಕಬ್ಬಿಣದ ಗೇಟು. ಬೇವಿನಗಡ್ಡಿ ಹಿಂದೆ ಹೋಗಿ ಐದು ಕಿಲೋಮೀಟರ್ ಆಗಿತ್ತು.

ಬಸ್ಸಿನವರು ಇಬ್ಬರನ್ನೂ ಬಹಳ ಮರ್ಯಾದೆಯಿಂದ ಇಳಿಸಿದರು. ಒಬ್ಬರು ಚೀಲ ಎತ್ತಿಕೊಟ್ಟರು, ಡ್ರೈವರು ಕೈ ಮುಗಿದ. ಬಸ್ಸು ಧೂಳೆಬ್ಬಿಸಿ ಹೋದ ಮೇಲೆ ಕಲ್ಯಾಣಮ್ಮ ಬಂದ ದಾರಿಯನ್ನು ಒಮ್ಮೆ ಉದ್ದಕ್ಕೂ ನೋಡಿದಳು. ಚಪ್ಪಲಿ ಕಳಚಿ ಕೈಗೆ ತೆಗೆದುಕೊಂಡಳು.

“ಮನಿ ಮುಟ್ಟೋತನಾ ತುಟಿ ಪಿಟ್ಟ ಅಂದೀ ಅಂದ್ರ ನೋಡು” ಎಂದಳು.

ಮಹಾನಂದಾ ತುಟಿ ಬಿಚ್ಚಲಿಲ್ಲ. ಹತ್ತಾರು ಬಸ್ಸಿಗೆ ಹತ್ತಾರು ಕಂಡಕ್ಟರು. ಕ್ರಾಸಿನಿಂದ ಊರಿಗೆ ಬಸ್ಸು ಐದು ನಿಮಿಷಕ್ಕೆ ಬರುತ್ತದೆ, ತನ್ನ ಭಾಷಣ ಒಂಬತ್ತು ನಿಮಿಷದ್ದು. ಎಲ್ಲಿ ಕತ್ತರಿಸಿದರೆ ನಾಲ್ಕಕ್ಕೆ ಇಳಿದೀತು ಎಂದು ಬಟ್ಟೆ ಅಳೆಯುವವಳಂತೆ ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳುತ್ತ, ಮುಳುಗುವ ಬಿಸಿಲನ್ನು ಬಲಕ್ಕೆ ಬಿಟ್ಟು, ಬಿರಬಿರನೆ ನಡೆಯತೊಡಗಿದಳು.